ಕಲಬುರಗಿಯಲ್ಲಿ ಹಳೇ ರೆಕಾರ್ಡ್ ‘ಕ್ಲೀನ್’ ಮಾಡಿಸೋಕೆ ಕೊಡೋರು ಇದನ್ನು ಓದಿ

ಮನೆಯಲ್ಲಿ ಹಳೇ ಎಲ್‌ಪಿ (ಗ್ರಾಮಫೋನ್) ರೆಕಾರ್ಡ್ ಇಟ್ಟುಕೊಂಡು, ಅವನ್ನು ಪೆನ್‌ಡ್ರೈವ್‌ಗೆ ಹಾಕಿಸಬೇಕು ಅಂತ ಇರೋರು ದಯವಿಟ್ಟು ಪೂರ್ತಿ ಓದಿ. ದುಡ್ಡು ಹೋಯಿತು, ಅದು ಬೇರೆ. ಕೇಳಿದ್ದಕ್ಕೆಲ್ಲ ಅವರು ಕೊಟ್ಟ ಉತ್ತರ ಇದೆಯಲ್ಲ, ಅದು ಇನ್ನೂ ಉರಿಯುತ್ತಿದೆ.

ಅಂಗಡಿ ಹೆಸರು ಹಾಕುವುದಿಲ್ಲ. ಊರು ಕಲಬುರಗಿ, ಅಷ್ಟು ಸಾಕು. ಮದುವೆ ವಿಡಿಯೊ, ಕ್ಯಾಸೆಟ್, ರೆಕಾರ್ಡ್ ಎಲ್ಲಾ ಡಿಜಿಟಲ್ ಮಾಡಿಕೊಡುತ್ತೇವೆ ಅಂತ ದೊಡ್ಡ ಬೋರ್ಡ್ ಇದೆ. ಅಪ್ಪ ಕೂಡಿಟ್ಟ ಎಲ್‌ಪಿಗಳನ್ನು ಕೊಟ್ಟೆ. ಎಲ್ಲಾ ಹಿಂದೂಸ್ತಾನಿ ಗಾಯನ, ಮಲ್ಲಿಕಾರ್ಜುನ ಮನ್ಸೂರರದ್ದೇ ಜಾಸ್ತಿ. ಒಂದು ರೆಕಾರ್ಡಿಗೆ 600 ರೂಪಾಯಿ, ಅದರಲ್ಲಿ 250 ನಾಯ್ಸ್ (ಗರಗರ, ಸುಂಯ್ ಅನ್ನೋ ಬೇಡದ ಸದ್ದು) ತೆಗೆಯೋದಕ್ಕೇ ಅಂತ ಬಿಲ್ಲಿನಲ್ಲಿ ಬರೆದಿದ್ದಾರೆ. ವೇವ್ ಫೈಲೇ (ಸದ್ದನ್ನು ಕುಗ್ಗಿಸದೆ ಇದ್ದ ಹಾಗೇ ಇಡೋದು) ಬೇಕು, ಎಂಪಿ3 (ಫೈಲ್ ಚಿಕ್ಕದಾಗಲಿ ಅಂತ ಸದ್ದಿನ ಒಂದಿಷ್ಟನ್ನು ಬಿಟ್ಟುಬಿಡೋದು) ಬೇಡ ಅಂತ ಎರಡೆರಡು ಸಲ ಹೇಳಿ, ಬಿಲ್ಲಿನ ಮೇಲೆ ಬರೆಸಿಯೂ ಇದ್ದೆ. “ಚಿಂತಿ ಮಾಡಬ್ಯಾಡ್ರಿ ಸರ್, ಒಂದ್ ಗರಗರ ಸೈತ ಉಳಿಯಂಗಿಲ್ಲ” ಅಂದರು.

ನಿಜ, ಒಂದು ಗರಗರ ಸಹ ಉಳಿಯಲಿಲ್ಲ. ಅದರ ಜೊತೆ ಹಾಡೂ ಉಳಿಯಲಿಲ್ಲ.

ಅಪ್ಪನ ಪುಣ್ಯಸ್ಮರಣೆಗೆ ಬಂಧುಗಳೆಲ್ಲ ಸೇರಿದ್ದರು. ಊಟ ಆದ ಮೇಲೆ ಸ್ಪೀಕರ್‌ಗೆ ಪೆನ್‌ಡ್ರೈವ್ ಹಾಕಿದೆ. ಅಪ್ಪನ ಜೊತೆ ಕೂತು ಇದೇ ರೆಕಾರ್ಡನ್ನು ಎಷ್ಟೋ ವರ್ಷ ಕೇಳಿದ್ದ ಸೋದರಮಾವ ಎದುರಿಗೇ ಕೂತಿದ್ದರು. ಒಂದು ನಿಮಿಷ ಕೇಳಿ, “ತಂಬೂರಿ ಎಲ್ಲಿ ಹೋಯ್ತೋ ತಮ್ಮಾ?” ಅಂದರು. ನಾನು ವಾಲ್ಯೂಮ್ ಜಾಸ್ತಿ ಮಾಡಿದೆ. ತಂಬೂರಿ ಇಲ್ಲ. ಅದರ ಜಾಗದಲ್ಲಿ ದನಿಯ ಹಿಂದೆ ಏನೋ ಗುಳುಗುಳು ಅನ್ನೋ ಲೋಹದ ಸದ್ದು. ತಬಲಾದ ‘ನಾ’ ಪೆಟ್ಟಿಗೆ ಮೊನೆಯೇ ಇಲ್ಲ, ಮೊಂಡಾಗಿದೆ. ಗಾಯಕರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಫೋನ್ ಕಟ್ ಆಯಿತೇನೋ ಅನ್ನೋ ಥರ ಪೂರ್ತಿ ಮೌನ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಆಫ್ ಮಾಡಿದೆ, ಇನ್ನೇನು ಮಾಡಲಿ?

ಮರುದಿನವೇ ಅಂಗಡಿಗೆ ಹೋದೆ. ಮೊದಲ ಉತ್ತರ: “ಹಳೇ ರೆಕಾರ್ಡ್ ಅಲ್ಲೇನ್ರೀ ಸರ್, ಇಷ್ಟೇ ಬರ್ತದ.” ಇಲ್ಲಪ್ಪ, ನಮ್ಮ ಮನೆಯ ಹಳೇ ಪ್ಲೇಯರ್‌ನಲ್ಲೇ ತಂಬೂರಿ ಚೆನ್ನಾಗಿ ಕೇಳುತ್ತೆ, ನಿಮ್ಮ ಫೈಲ್‌ನಲ್ಲಿ ಯಾಕಿಲ್ಲ ಅಂದೆ. “ಸಾಫ್ಟ್‌ವೇರೇ ಹಂಗ ಮಾಡ್ತದ್ರಿ.” ಹೇಗೆ ಮಾಡ್ತೀರಿ ತೋರಿಸಿ ಅಂದೆ. ತೋರಿಸಿದರು ನೋಡಿ, ಅದೂ ಹೆಮ್ಮೆಯಿಂದ!

ಆಡಾಸಿಟಿ ಅನ್ನೋ ಸಾಫ್ಟ್‌ವೇರ್. ಅದು ಫ್ರೀ, ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳಬಹುದು. ಅದರಲ್ಲಿ ನಾಯ್ಸ್ ರಿಡಕ್ಷನ್ ಅಂತ ಇದೆ. ಬರೀ ಗದ್ದಲ ಇರೋ ಒಂದು ತುಣುಕನ್ನು ಮೊದಲು ಅದಕ್ಕೆ ತೋರಿಸಬೇಕು. ಆಮೇಲೆ ಅದೇ ಥರದ ಸದ್ದನ್ನು ಹಾಡಿನ ಉದ್ದಕ್ಕೂ ತಗ್ಗಿಸುತ್ತೆ. ಆ ತುಣುಕನ್ನು ಎಲ್ಲಿಂದ ತೆಗೆದುಕೊಳ್ಳಬೇಕು? ಮುಳ್ಳು ಇಳಿದ ಮೇಲೆ ಸಂಗೀತ ಶುರುವಾಗೋಕೆ ಮುಂಚೆ ಖಾಲಿ ಗೆರೆ ಓಡುತ್ತಲ್ಲ, ಅಲ್ಲಿಂದ. ಇವರು? “ಮೊದಲಿನ ಹತ್ತು ಸೆಕೆಂಡ್ ಸೆಲೆಕ್ಟ್ ಮಾಡ್ತೀವ್ರಿ, ಹಾಡೋದು ಶುರು ಆಗೋಕ್ಕಿಂತ ಮೊದ್ಲು. ಎಲ್ಲಾ ರೆಕಾರ್ಡಿಗೂ ಹಂಗೇ. ಆಮ್ಯಾಲ ತಗ್ಗಿಸೋದನ್ನ ಫುಲ್ ಇಡ್ತೀವಿ.”

ಅಲ್ಲಾ ಸ್ವಾಮಿ, ಖಯಾಲ್ (ಹಿಂದೂಸ್ತಾನಿ ಗಾಯನದ ಒಂದು ಬಗೆ) ರೆಕಾರ್ಡಿನಲ್ಲಿ ಹಾಡೋಕೆ ಮುಂಚೆ ಏನಿರುತ್ತೆ? ತಂಬೂರಿ! ತಂಬೂರಿಯನ್ನೇ ಗದ್ದಲ ಅಂತ ತೋರಿಸಿ, ತಂಬೂರಿಯನ್ನೇ ಇಡೀ ರೆಕಾರ್ಡಿನಿಂದ ಕಿತ್ತು ಹಾಕಿದ್ದಾರೆ. ತೊಗರಿ ತೂರುವಾಗ ಹೊಟ್ಟಿನ ಜೊತೆ ಕಾಳನ್ನೂ ಹಾರಿಸಿಬಿಟ್ಟ ಹಾಗೆ. ಅದಕ್ಕೆ ನನ್ನ ಹತ್ತಿರವೇ 250 ರೂಪಾಯಿ!

ಇದನ್ನು ಹೇಳಿದರೆ, “ನೀವೇ ಅಲ್ಲೇನ್ರೀ ಸದ್ದು ಬ್ಯಾಡ ಅಂದವ್ರು?”

ಸರಿ, ನಾಯ್ಸ್ ತೆಗೆಯೋಕೆ ಮುಂಚಿನ ಫೈಲ್ ಕೊಡಿ, ನಾನೇ ಮಾಡಿಕೊಳ್ತೀನಿ ಅಂದೆ. “ಡಿಲೀಟ್ ಮಾಡೀವ್ರಿ. ಅಷ್ಟೆಲ್ಲ ಇಟ್ಟುಕೊಳ್ಳಾಕ ಜಾಗ ಎಲ್ಲಿ ಅದ?” ಸಿಡಿ ಗುಣಮಟ್ಟದ ವೇವ್ ಫೈಲ್ ಅಂದರೆ ನಿಮಿಷಕ್ಕೆ ಸುಮಾರು 10 ಎಂಬಿ. ಒಂದು ಎಲ್‌ಪಿಯ ಎರಡೂ ಮಗ್ಗುಲು ಸೇರಿ 400 ಎಂಬಿ ಹೆಚ್ಚುಕಡಿಮೆ. ಮದುವೆ ವಿಡಿಯೊ ಇಡೋಕೆ ಜಾಗ ಇದೆ, ಇದಕ್ಕಿಲ್ಲ!

ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಅಕ್ಕನ ಮಗ ಆ ವೇವ್ ಫೈಲನ್ನು ಸ್ಪೆಕ್ಟ್ರೋಗ್ರಾಮ್‌ನಲ್ಲಿ ತೆರೆದ. ಯಾವ ಎತ್ತರದ ಸ್ವರ ಎಷ್ಟಿದೆ ಅಂತ ಚಿತ್ರದಲ್ಲಿ ತೋರಿಸೋ ಕಿಟಕಿ ಅದು. ಸುಮಾರು 16 ಕಿಲೋಹರ್ಟ್ಸ್ ಹತ್ತಿರ ನೇರ ಗೆರೆ, ಅದರ ಮೇಲೆ ಪೂರ್ತಿ ಖಾಲಿ. 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಎತ್ತರದ ಸ್ವರ ಕತ್ತರಿಸೋದು ಸಾಮಾನ್ಯವಾಗಿ ಅಲ್ಲೇ. ಫೋನ್ ಮಾಡಿ ಕೇಳಿದರೆ ಏನಂದರು ಗೊತ್ತಾ? “ನಾವು ಎಂಪಿ3ನೇ ಮಾಡೋದ್ರಿ. ನೀವು ವೇವ್ ಅಂದ್ರಲ್ಲ, ಅದಕ್ಕ ವೇವ್ ಮಾಡಿ ಕೊಟ್ಟೀವಿ.” ಎಂಪಿ3 ಮಾಡಿ, ಅದನ್ನೇ ಮತ್ತೆ ವೇವ್ ಮಾಡಿ ಕೊಟ್ಟಿದ್ದಾರೆ! ಫೈಲ್ ದೊಡ್ಡದಿದೆ ಅಂತ ನಾನು ನಂಬಿದ್ದೆ. ಒಳಗಿರೋದು ಎಂಪಿ3. ಒಂದು ಸಲ ಕಳೆದುಹೋದ ಸ್ವರ ಹೆಸರು ಬದಲಾಯಿಸಿದರೆ ವಾಪಸ್ ಬರುತ್ತಾ?

ಬಿಲ್ ಫೋಟೊ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ಮತ್ತೆ ಕಳಿಸಿದೆ. ಕೊನೆಗೆ, “ಅರ್ಧ ರೊಕ್ಕ ವಾಪಸ್ ಕೊಡ್ತೀವಿ, ಎಲ್ಲೂ ಬರೀಬ್ಯಾಡ್ರಿ.” ನನಗೆ ಆ ಅರ್ಧ ಬೇಡ.

ಗಂಗೂಬಾಯಿ ಹಾನಗಲ್ 1930ರ ದಶಕದಲ್ಲಿ ಗಾಂಧಾರಿ ಅನ್ನೋ ಹೆಸರಲ್ಲಿ ಹಾಡಿದ್ದ ಕಾಲದ 78 ಆರ್‌ಪಿಎಂ ಪ್ಲೇಟು (ನಿಮಿಷಕ್ಕೆ 78 ಸುತ್ತು ತಿರುಗೋ, ಎಲ್‌ಪಿಗಿಂತ ಹಳೇ ರೆಕಾರ್ಡ್) ಒಂದು ಮನೆಯಲ್ಲಿದೆ, ಅದನ್ನು ಕೊಟ್ಟಿರಲಿಲ್ಲ, ಪುಣ್ಯ. ಅವರ ಮೇಜಿನ ಮೇಲೆ ರೆಕಾರ್ಡ್ ಒರೆಸೋಕೆ ಸ್ಪಿರಿಟ್ ಬಾಟಲಿ ಇತ್ತು. ಆ ಕಾಲದ ಪ್ಲೇಟು ಅರಗಿನದು, ಸ್ಪಿರಿಟ್ ತಾಗಿದರೆ ಅರಗು ಕರಗುತ್ತೆ, ಗೆರೆಗಳೇ ಹಾಳು. 78ರ ಗೆರೆ ಅಗಲ, ಅದಕ್ಕೆ ಮುಳ್ಳು ಕೂಡ ಬೇರೆ, ದಪ್ಪನೆಯದು ಬೇಕು. ಇವರ ಹತ್ತಿರ ಇದ್ದದ್ದು ಎಲ್‌ಪಿಯ ಒಂದೇ ಮುಳ್ಳು.

ಕೊಡಲೇಬೇಕು ಅಂತಿದ್ದರೆ ಮೊದಲು ಒಂದೇ ರೆಕಾರ್ಡ್ ಕೊಡಿ. ಏನೂ ಮಾಡದ ಕಚ್ಚಾ ಫೈಲ್ ಕೈಗೆ ಬರೋ ತನಕ ದುಡ್ಡು ಕೊಡಬೇಡಿ. ಅದೊಂದಿದ್ದರೆ ನಾಯ್ಸ್ ಯಾವಾಗ ಬೇಕಾದರೂ ತೆಗೆಯಬಹುದು. ಧೂಳು, ಗೀರಿನ ಟಿಕ್ ಟಿಕ್ ಬೇರೆ, ಸುಂಯ್ ಅನ್ನೋದು ಬೇರೆ, ಅರ್ಥಿಂಗ್ ಸರಿ ಇಲ್ಲದೆ ಬರೋ 50 ಹರ್ಟ್ಸ್ ಗುಂಯ್ ಬೇರೆ. ಎಲ್ಲದಕ್ಕೂ ಒಂದೇ ಬಟನ್ ಒತ್ತುತ್ತೇವೆ ಅನ್ನೋರ ಹತ್ತಿರ ಹೋಗಲೇಬೇಡಿ. ನೀವೇ ಮಾಡೋದಾದರೆ ನಾಯ್ಸನ್ನು 6ರಿಂದ 12 ಡೆಸಿಬೆಲ್ (ಸದ್ದಿನ ಅಳತೆ) ತಗ್ಗಿಸಿದರೆ ಸಾಕು, ಸ್ವಲ್ಪ ಗರಗರ ಇರಲಿ ಬಿಡಿ. ಆಡಾಸಿಟಿಯಲ್ಲಿ ರೆಸಿಡ್ಯೂ ಅಂತ ಒಂದು ಆಯ್ಕೆ ಇದೆ, ತೆಗೆದು ಹಾಕೋ ಸದ್ದನ್ನು ಮಾತ್ರ ಕೇಳಿಸುತ್ತೆ. ಅದರಲ್ಲಿ ದನಿಯೋ ತಂಬೂರಿಯೋ ಕೇಳಿದರೆ ಜಾಸ್ತಿ ಆಯಿತು ಅಂತ ಅರ್ಥ, ತಕ್ಷಣ ಕಡಿಮೆ ಮಾಡಿ.