ಪಿಂಗಾಣಿ ತೇಪೆ ಹಾಕಿದ ಹಳೆಯ ಗ್ರಿಲ್ ಕೊಳ್ಳುವ ಮುನ್ನ

ಕಲಬುರಗಿಯ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಉಕ್ಕಿನ ಮೇಲೆ ಪಿಂಗಾಣಿ ಲೇಪವಿರುವ, ಮುಚ್ಚಳದ ದುಂಡನೆಯ ಇದ್ದಿಲಿನ ಗ್ರಿಲ್‌ಗಳು ಈಗ ಆಗಾಗ ಕಾಣಸಿಗುತ್ತವೆ. ಅವನ್ನು ಕೊಳ್ಳುವ ಆಲೋಚನೆ ಇರುವವರು, ಅದರಲ್ಲೂ ‘ಚಕ್ಕೆ ಎದ್ದ ಕಡೆ ಪಿಂಗಾಣಿ ರಿಪೇರಿ ಮಾಡಿಸಿ ಕೊಡುತ್ತೇವೆ’ ಎಂಬ ಮಾತನ್ನು ಕೇಳಿದವರು, ಹಣ ಕೊಡುವ ಮೊದಲು ಇದನ್ನು ಓದಬೇಕೆಂದು ವಿನಂತಿ.

ನಾನು ನೋಡಿದ ಗ್ರಿಲ್‌ನ ಮುಚ್ಚಳದ ಒಳಗೆ ಅಂಗೈಯಗಲದ ಜಾಗದಲ್ಲಿ, ಕೆಳಗಿನ ಬೋಗುಣಿಯ ಅಂಚಿನಲ್ಲಿ ಮತ್ತು ಜಾಲರಿಯ ಸರಳುಗಳ ಮೇಲೆ ಲೇಪ ಕಿತ್ತುಹೋಗಿ ತುಕ್ಕು ಕಾಣುತ್ತಿತ್ತು. ‘ಹೊಸದರಂಗ ಮಾಡಿ ಕೊಡ್ತೀನ್ರಿ ಸರ್, ಏನೂ ಆಗಂಗಿಲ್ಲ’ ಎಂದ ಅಂಗಡಿಯವರು ರಿಪೇರಿಗೆಂದು ಬೇರೆಯಾಗಿ ಹಣ ಪಡೆದರು. ಕೈಗೆ ಬಂದಾಗ ಅದು ಎಲ್ಲ ಕಡೆ ಒಂದೇ ಸಮನೆ ಕಪ್ಪಾಗಿ ಹೊಳೆಯುತ್ತಿತ್ತು.

ಮಾಳಿಗೆಯ ಮೇಲೆ ಮೊದಲ ಸಲ ಇದ್ದಿಲು ಹೊತ್ತಿಸಿ, ಬದನೆಕಾಯಿ ಮತ್ತು ಕೋಳಿ ತುಂಡುಗಳನ್ನಿಟ್ಟು ಮುಚ್ಚಳ ಹಾಕಿದ ಸ್ವಲ್ಪ ಹೊತ್ತಿಗೆ ಮಾಂಸದ ಪರಿಮಳದ ಬದಲು ಪ್ಲಾಸ್ಟಿಕ್ ಸುಟ್ಟಂತಹ ಘಾಟು ಬಂತು. ಮುಚ್ಚಳ ತೆಗೆದು ನೋಡಿದರೆ ತೇಪೆ ಹಾಕಿದ ಜಾಗ ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿ, ಅಂಚುಗಳಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು. ಬದನೆಕಾಯಿಯ ಮೇಲೆ ಉಗುರಿನಷ್ಟು ದೊಡ್ಡ ಚಕ್ಕೆಯೊಂದು ಬಿದ್ದಿತ್ತು. ಅದರ ಒಂದು ಮಗ್ಗುಲಿಗೆ ಬೂದು ಬಣ್ಣದ ಮೆತ್ತು, ಇನ್ನೊಂದು ತುದಿಗೆ ಅಂಟಿಕೊಂಡೇ ಕಿತ್ತುಬಂದ ಹಳೆಯ ಪಿಂಗಾಣಿಯ ಚೂರು. ಅದರ ಅಂಚು ಬೆರಳಿಗೆ ಗಾಜಿನಂತೆ ಚುಚ್ಚಿತು. ಅಷ್ಟೂ ಅಡುಗೆಯನ್ನು ಎಸೆಯಬೇಕಾಯಿತು.

ಮೆತ್ತಿದ್ದು ವಾಶ್‌ಬೇಸಿನ್ ಮತ್ತು ಸ್ನಾನದ ತೊಟ್ಟಿಗಳ ಬಿರುಕು ತುಂಬುವ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು, ಅದರ ಮೇಲೆ ಸಾಮಾನ್ಯ ಸ್ಪ್ರೇ ಬಣ್ಣ ಎಂದು ಮರುದಿನ ಅಂಗಡಿಯವರೇ ಒಪ್ಪಿಕೊಂಡರು. ಹಣ ಮಾತ್ರ ವಾಪಸ್ ಬರಲಿಲ್ಲ.

ಗ್ರಿಲ್‌ನ ಮೇಲಿರುವ ಪಿಂಗಾಣಿ ಎಂಬುದು ಬಣ್ಣವಲ್ಲ. ಗಾಜಿನ ಪುಡಿಯನ್ನು ಉಕ್ಕಿನ ತಗಡಿನ ಮೇಲೆ ಹರಡಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದ ಭಟ್ಟಿಯಲ್ಲಿ ಕರಗಿಸಿ ಬೆಸೆದ ಪದರ ಅದು. ಕಿತ್ತುಹೋದ ಜಾಗವನ್ನು ಮತ್ತೆ ಹಾಗೆಯೇ ಮಾಡಬೇಕಾದರೆ ಅಂಥದೇ ಭಟ್ಟಿ ಬೇಕು. ಡಬ್ಬಿಯಿಂದ ತೆಗೆದು ಹಚ್ಚುವ ಯಾವ ಮೆತ್ತೂ ಅದಕ್ಕೆ ಸಾಟಿಯಾಗದು. ಸಾಮಾನ್ಯ ಎಪಾಕ್ಸಿ 150 ಡಿಗ್ರಿ ಮುಟ್ಟುವಷ್ಟರಲ್ಲೇ ಮೆತ್ತಗಾಗುತ್ತದೆ, ಇನ್ನೂ ಕಾದರೆ ಕರಕಲಾಗಿ ಹೊಗೆಯಾಡುತ್ತದೆ. ಕೆಂಡದ ಹತ್ತಿರದ ಶಾಖವೋ 600 ಡಿಗ್ರಿಯನ್ನೂ ದಾಟುತ್ತದೆ. ಜೊತೆಗೆ, ತೇಪೆಯ ಕೆಳಗೆ ಉಳಿದ ತುಕ್ಕು ಕಣ್ಣಿಗೆ ಬೀಳದೆ ಹಬ್ಬುತ್ತ, ಸುತ್ತಲಿನ ಗಟ್ಟಿ ಲೇಪವನ್ನೂ ಎಬ್ಬಿಸುತ್ತದೆ. ಆದ್ದರಿಂದ ತೇಪೆ ಹಾಕಿದ ಗ್ರಿಲ್‌ಗಿಂತ ಚಕ್ಕೆ ಎದ್ದದ್ದು ಕಣ್ಣಿಗೆ ಕಾಣುವ ಗ್ರಿಲ್ಲೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಂಗಡಿಯಲ್ಲೇ ಪರೀಕ್ಷಿಸುವುದು ಕಷ್ಟವಲ್ಲ. ಮುಚ್ಚಳವನ್ನು ಬಿಸಿಲಿಗೆ ಓರೆಯಾಗಿ ಹಿಡಿದರೆ ತೇಪೆಯ ಉಬ್ಬು ತಾನಾಗಿ ತೋರುತ್ತದೆ. ಬೀಗದ ಕೈಯಿಂದ ಗೀರಿದರೆ ನಿಜವಾದ ಪಿಂಗಾಣಿಗೆ ಗೆರೆ ಬೀಳುವುದಿಲ್ಲ, ಮೆತ್ತಿಗೆ ಬೀಳುತ್ತದೆ. ತಣ್ಣಗಿರುವ ಗ್ರಿಲ್‌ನ ಮಸಿ, ಜಿಡ್ಡನ್ನು ಮೊದಲು ಒರೆಸಿ, ಥಿನ್ನರ್ ಅದ್ದಿದ ಬಟ್ಟೆ ಉಜ್ಜಿದಾಗ ಬಟ್ಟೆಗೆ ಕಪ್ಪು ಹತ್ತಿದರೆ ಅದು ಬಣ್ಣವೇ. ಪರೀಕ್ಷೆಗೆ ಒಪ್ಪದ ಅಂಗಡಿಯಲ್ಲಿ ವ್ಯಾಪಾರ ಮಾಡುವ ಅಗತ್ಯವಿಲ್ಲ. ಒಂದು ಮಾತು ಅಂಗಡಿಯವರ ಪರವಾಗಿಯೂ ಹೇಳಬೇಕು: ಮುಚ್ಚಳದ ಒಳಗಿನಿಂದ ಉದುರುವ ಕಪ್ಪು ಹಕ್ಕಳೆಗಳೆಲ್ಲ ಲೇಪವಲ್ಲ, ಬಹಳಷ್ಟು ಸಲ ಅದು ಸುಟ್ಟು ಗಟ್ಟಿಯಾದ ಜಿಡ್ಡು. ಬೆರಳಲ್ಲಿ ಹಿಚುಕಿದರೆ ಪುಡಿಯಾಗುವುದು ಜಿಡ್ಡು, ಚೂಪಾಗಿ ಗಟ್ಟಿ ನಿಲ್ಲುವುದು ಪಿಂಗಾಣಿ.

ಬೋಗುಣಿಯ ಹೊರಮೈಯಲ್ಲಿ ಚಕ್ಕೆ ಎದ್ದಿದ್ದರೆ ತುಕ್ಕನ್ನು ಮರಳು ಕಾಗದದಿಂದ ತಿಕ್ಕಿ ತೆಗೆದು, ಬೈಕಿನ ಸೈಲೆನ್ಸರ್‌ಗೆ ಹಚ್ಚುವ, 600 ಡಿಗ್ರಿ ತಡೆಯುತ್ತದೆಂದು ಡಬ್ಬಿಯ ಮೇಲೆ ಬರೆದಿರುವ ಬಣ್ಣವನ್ನು ಹಚ್ಚಬಹುದು. ಒಳಮೈಗೆ ಮತ್ತು ಆಹಾರ ತಾಕುವಲ್ಲಿಗೆ ಅದೂ ಬೇಡ. ಚಕ್ಕೆ ಎದ್ದ ಜಾಲರಿಯನ್ನಂತೂ ಉಳಿಸಿಕೊಳ್ಳಲೇಬಾರದು, ಗಾಜಿನ ಚೂರು ಊಟದಲ್ಲಿ ಸೇರುತ್ತದೆ. ಅದರ ಬದಲು ವೆಲ್ಡಿಂಗ್ ಅಂಗಡಿಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಸರಳಿನ ಜಾಲರಿ ಮಾಡಿಸಿಕೊಳ್ಳಬಹುದು. ನಾನೂ ಕೊನೆಗೆ ಅದನ್ನೇ ಮಾಡಿಸಿದೆ. ಅಗ್ಗವೆಂದು ಜಿಐ ತಂತಿ ಹಾಕಲು ಬಿಡಬೇಡಿ, ಅದರ ಸತುವಿನ ಲೇಪ ಕೆಂಡದ ಶಾಖಕ್ಕೆ ವಿಷಕಾರಿ ಹೊಗೆ ಬಿಡುತ್ತದೆ.

ಕೊಳ್ಳುವಾಗ ಬಿಲ್ ಪಡೆದು, ಎಲ್ಲೆಲ್ಲಿ ಯಾವ ವಸ್ತುವಿನಿಂದ ರಿಪೇರಿ ಆಗಿದೆ ಎಂಬುದನ್ನು ಅದರಲ್ಲೇ ಬರೆಸಿಕೊಳ್ಳಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಕಾನೂನಿನಲ್ಲಿ 2 ವರ್ಷಗಳ ಅವಕಾಶವಿದೆ, ಆದರೆ ಕೈಯಲ್ಲಿ ಬಿಲ್ ಇಲ್ಲದಿದ್ದರೆ ಯಾರು ಏನನ್ನು ಮಾರಿದರೆಂದು ತೋರಿಸುವುದೇ ಕಷ್ಟವಾಗುತ್ತದೆ.