ಕಿಲ್ಟ್ ಪಿನ್ ಕೊಳ್ಳುವ ಮುಂಚೆ ಅದನ್ನು ತಿರುಗಿಸಿ ಹಿಂಭಾಗ ನೋಡಿ

ಸ್ಕಾಟ್ಲೆಂಡಿನಲ್ಲಿರುವ ಕನ್ನಡದವರಿಗೆ, ಇಲ್ಲಿಗೆ ಓದಲು ಬಂದಿರುವ ಹುಡುಗ ಹುಡುಗಿಯರಿಗೆ, ಸ್ನೇಹಿತರ ಮದುವೆಗೋ ಗ್ರಾಜುಯೇಷನ್‌ಗೋ ಕಿಲ್ಟ್ (ಇಲ್ಲಿಯ ಗಂಡಸರು ಸೊಂಟಕ್ಕೆ ಸುತ್ತಿ ತೊಡುವ ನೆರಿಗೆಯ ಉಡುಪು) ಅಥವಾ ಟಾರ್ಟನ್ (ಇಲ್ಲಿಯ ಚೌಕಳಿ ಬಟ್ಟೆ) ಸ್ಕರ್ಟ್ ತೊಡುವ ಯೋಚನೆಯಲ್ಲಿರುವ ಎಲ್ಲರಿಗೂ ಇದನ್ನು ಬರೆಯುತ್ತಿದ್ದೇನೆ. ಪ್ರವಾಸಿಗರ ಬೀದಿಯ ಅಂಗಡಿಗಳಲ್ಲಿ ಸಾಲಾಗಿ ಜೋಡಿಸಿಟ್ಟ ಫಳಫಳ ಹೊಳೆಯುವ ಕಿಲ್ಟ್ ಪಿನ್‌ಗಳನ್ನು ನೋಡಿದ ತಕ್ಷಣ ಕೊಳ್ಳಬೇಡಿ. ಅಂಗಡಿಯವನು "ಕೊಡಿ, ನಾನೇ ಚುಚ್ಚಿ ಕೊಡ್ತೀನಿ" ಅಂದರೆ ದಯವಿಟ್ಟು ಬೇಡ ಅನ್ನಿ.

ನಮ್ಮ ಮನೆಯವರು ಎಡಿನ್‌ಬರೋದಲ್ಲಿ ಒಂದು ಕಿಲ್ಟ್ ಹೊಲಿಸಿಕೊಂಡಿದ್ದರು. ಬಾಡಿಗೆಯದಲ್ಲ, ಅಳತೆ ಕೊಟ್ಟು ಹೊಲಿಸಿದ್ದು. 8 ಗಜ, ಗಜಕ್ಕೆ 16 ಔನ್ಸ್ ತೂಗುವ ದಪ್ಪ ಉಣ್ಣೆ ಬಟ್ಟೆ, ನೆರಿಗೆಗಳೆಲ್ಲ ಕೈಹೊಲಿಗೆ. ಬ್ಲ್ಯಾಕ್ ವಾಚ್ ಟಾರ್ಟನ್ ಆರಿಸಿದ್ದರು, ಯಾಕಂದರೆ ಅದನ್ನು ಯಾವ ಕ್ಲ್ಯಾನ್‌ಗೂ, ಅಂದರೆ ಇಲ್ಲಿಯ ಮನೆತನಕ್ಕೂ, ಸೇರದವರು ಕೂಡ ಸಂಕೋಚವಿಲ್ಲದೆ ತೊಡಬಹುದು. ಇಂಥ ಕಿಲ್ಟಿಗೆ ನೂರಾರು ಪೌಂಡ್ ಆಗುತ್ತದೆ, ಚೆನ್ನಾಗಿ ನೋಡಿಕೊಂಡರೆ ಮಗನ ಕಾಲಕ್ಕೂ ಬರುತ್ತದೆ. ಆಫೀಸಿನ ಗೆಳೆಯನ ಮದುವೆಗೆ ಅಂತ ಅದಕ್ಕೊಂದು ಪಿನ್ ಬೇಕಿತ್ತು. ಕಿಲ್ಟನ್ನೂ ಜೊತೆಗೆ ತೆಗೆದುಕೊಂಡು ಹೋಗಿದ್ದೆವು, ಬಣ್ಣಕ್ಕೆ ಯಾವುದು ಹೊಂದುತ್ತದೆ ನೋಡೋಣ ಅಂತ.

ಅಂಗಡಿಯವನು ತೋರಿಸಿದ್ದು ಕತ್ತಿಯ ಆಕಾರದ ಒಂದು ಪಿನ್. ಸುಮಾರು 4 ಇಂಚು ಉದ್ದ, ಹಿಡಿಯ ಮೇಲೆ ಒಂದು ಕ್ಲ್ಯಾನ್ ಲಾಂಛನ, ನೋಡಲು ಬಹಳ ಚಂದ. "ಬೆಳ್ಳಿ" ಅಂದ. ಬಿಲ್ಲಿನಲ್ಲೂ ಬೆಳ್ಳಿ ಅಂತಲೇ ಬರೆದ. ಆಮೇಲೆ ವಿಕ್ಟೋರಿಯಾ ರಾಣಿಯ ಕಥೆ ಹೇಳಿದ. ಗಾಳಿಯ ದಿನ ಕಾವಲು ನಿಂತಿದ್ದ ಸೈನಿಕನ ಕಿಲ್ಟ್ ಹಾರಾಡುವುದನ್ನು ಕಂಡು ರಾಣಿ ತನ್ನ ಪಿನ್ನನ್ನೇ ತೆಗೆದು ಸಿಕ್ಕಿಸಿದಳಂತೆ. ಇಲ್ಲಿ ಎಲ್ಲರೂ ಹೇಳುವ ಕಥೆ ಅದು, ಕೇಳಲು ಚೆನ್ನಾಗಿದೆ, ನಡೆದದ್ದಕ್ಕೆ ಪುರಾವೆ ಏನೂ ಇಲ್ಲ. ಕಥೆ ಹೇಳುತ್ತಲೇ ಕಿಲ್ಟನ್ನು ಮೇಜಿನ ಮೇಲೆ ಹರಡಿ, ಮುಂದಿನ ಎರಡೂ ಪದರಗಳನ್ನು ಸೇರಿಸಿ ಪಿನ್ ಚುಚ್ಚಿಬಿಟ್ಟ. "ಹೀಗೇ ಹಾಕಬೇಕು, ಗಾಳಿಗೆ ತೆರೆದುಕೊಳ್ಳಬಾರದಲ್ವಾ" ಅಂದ. ಹಾಗೆ ಹಾಕಲೇಬಾರದು!

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಿಲ್ಟಿನ ನೆರಿಗೆಗಳೆಲ್ಲ ಹಿಂದೆ ಇರುತ್ತವೆ. ಮುಂದೆ ನೆರಿಗೆ ಇಲ್ಲದ ಎರಡು ಅಗಲ ಪದರ, ಒಂದರ ಮೇಲೊಂದು. ಇವಕ್ಕೆ ಇಲ್ಲಿ ಏಪ್ರನ್ ಅಂತಾರೆ. ಒಳಗಿನದು ಎಡಕ್ಕೆ ಬಿಗಿಯುತ್ತದೆ, ಹೊರಗಿನದು ಅದರ ಮೇಲೆ ಹಾದು ಬಲಕ್ಕೆ ಬರುತ್ತದೆ, ಅದರ ಅಂಚಿನಲ್ಲಿ ಕುಚ್ಚು ಇರುತ್ತದೆ. ಸೊಂಟದ ಹತ್ತಿರ ಚರ್ಮದ ಪಟ್ಟಿ, ಬಕಲ್ ಎಲ್ಲ ಇದ್ದು ಗಟ್ಟಿಯಾಗಿ ಕೂರುತ್ತದೆ. ಕೆಳಗೆ ಮಾತ್ರ ಎರಡು ಪದರಗಳೂ ಬಿಡಿಯಾಗಿರಬೇಕು. ನಡೆಯುವಾಗ, ಕೂರುವಾಗ, ಕುಣಿಯುವಾಗ ಅವು ಒಂದರ ಮೇಲೊಂದು ಜಾರುತ್ತವೆ, ಅದಕ್ಕೇ ಕಾಲು ಸಲೀಸಾಗಿ ಆಡುತ್ತದೆ. ಪಿನ್ನಿನ ಕೆಲಸ ಹೊರಗಿನ ಪದರದ ಮೂಲೆಗೆ ಸ್ವಲ್ಪ ಭಾರ ಕೊಡುವುದು, ಚಂದ ಕಾಣಿಸುವುದು, ಅಷ್ಟೇ. ಎರಡನ್ನೂ ಸೇರಿಸಿ ಚುಚ್ಚಿದರೆ ಪ್ರತಿ ಹೆಜ್ಜೆಯ ಎಳೆತವೂ ಆ ಎರಡು ಸಣ್ಣ ತೂತುಗಳ ಮೇಲೇ ಬೀಳುತ್ತದೆ.

ನಮ್ಮ ಹೆಣ್ಣುಮಕ್ಕಳು ಇದರಲ್ಲಿ ಇನ್ನೂ ಜಾಸ್ತಿ ಹುಷಾರಾಗಿರಬೇಕು. ಸೀರೆ ಉಡುವಾಗ ನೆರಿಗೆಗಳನ್ನೆಲ್ಲ ಒಟ್ಟಿಗೆ ಹಿಡಿದು ಪಿನ್ ಹಾಕಿ ಅಭ್ಯಾಸ, ಹಾಗಾಗಿ ಎರಡು ಪದರ ಸೇರಿಸಿ ಚುಚ್ಚುವುದು ನಮಗೆ ತಪ್ಪು ಅಂತ ಅನ್ನಿಸುವುದೇ ಇಲ್ಲ. ಸೀರೆಯ ಪಿನ್ ನೆರಿಗೆ ಜಾರದಂತೆ ಹಿಡಿಯಲಿಕ್ಕೆ. ಕಿಲ್ಟಿನದು ಯಾವುದನ್ನೂ ಹಿಡಿಯಲಿಕ್ಕಲ್ಲ.

ಮದುವೆಯ ದಿನ ಊಟದ ತನಕ ಏನೂ ಆಗಲಿಲ್ಲ. ಆಮೇಲೆ ಕೇಲಿ ಶುರುವಾಯಿತು, ಅದೇ ಇಲ್ಲಿಯ ಗುಂಪು ಕುಣಿತ. ಸ್ಟ್ರಿಪ್ ದ ವಿಲೋ ಅಂತ ಒಂದಿದೆ, ಕೈ ಹಿಡಿದು ಗಿರಗಿರ ತಿರುಗಿಸುತ್ತಾ ಸಾಲಿನುದ್ದಕ್ಕೂ ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾರೆ, ಒಂದು ಕ್ಷಣ ಬಿಡುವಿರುವುದಿಲ್ಲ. ಅದರ ಮಧ್ಯದಲ್ಲೇ ಟರ್ರನೆ ಸದ್ದು ಬಂತು. ಹೊರಗಿನ ಪದರದಲ್ಲಿ ಒಂದೂವರೆ ಇಂಚು ಸೀಳು, ಒಳಗಿನದರಲ್ಲಿ ಉಗುರಿನಷ್ಟು ತೂತು. ಪಿನ್ನಿನ ಕೊಕ್ಕೆ ತೆರೆದುಕೊಂಡಿತ್ತು. ತೆರೆದ ಸೂಜಿ ಎದುರಿಗೆ ಕುಣಿಯುತ್ತಿದ್ದ ಹುಡುಗಿಯ ಉಡುಪಿಗೂ ಸಿಕ್ಕಿ ನಾಲ್ಕು ದಾರ ಎಳೆಯಿತು. ಅವಳ ಕೈಗೆ ಚುಚ್ಚಲಿಲ್ಲ, ಅದೇ ಪುಣ್ಯ. ಮನೆಯವರು ಉಳಿದ ಸಂಜೆ ಪೂರ್ತಿ ಕುರ್ಚಿ ಬಿಟ್ಟು ಏಳಲಿಲ್ಲ. ಅಷ್ಟು ಆಸೆಪಟ್ಟು ಹೊಲಿಸಿದ್ದು, ನನಗೂ ಕಣ್ಣು ತುಂಬಿತು.

ಮನೆಗೆ ಬಂದು ಪಿನ್ನನ್ನು ದೀಪದ ಕೆಳಗೆ ಇಟ್ಟು ನೋಡಿದಾಗ ಎಲ್ಲ ಗೊತ್ತಾಯಿತು. ಮುಂದೆ ಎಷ್ಟು ಚಂದವೋ ಹಿಂದೆ ಅಷ್ಟು ಕೆಟ್ಟ ಕೆಲಸ. ಸೂಜಿ ದಪ್ಪ, ತುದಿ ಮೊಂಡು. ಇದು ದೊಡ್ಡ ವಿಷಯ. ಉಣ್ಣೆ ಬಟ್ಟೆಯಲ್ಲಿ ಸಣ್ಣ ಚೂಪು ಸೂಜಿ ಎಳೆಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತದೆ, ತೆಗೆದ ಮೇಲೆ ಸ್ವಲ್ಪ ಹಬೆ ಕೊಟ್ಟರೆ ತೂತು ಮುಚ್ಚಿಕೊಳ್ಳುತ್ತದೆ. ಮೊಂಡು ಸೂಜಿ ಎಳೆಗಳನ್ನೇ ಕಡಿಯುತ್ತದೆ, ಕಡಿದ ಎಳೆ ಮತ್ತೆ ಕೂಡುವುದಿಲ್ಲ. ಕೊಕ್ಕೆ ಅಂದರೆ ಬರೀ ಬಗ್ಗಿಸಿದ ತಗಡು, ಬೆರಳಿನಿಂದ ಒತ್ತಿದರೆ ಅಗಲವಾಗುತ್ತಿತ್ತು. ಸೂಜಿಯ ಬುಡ ಅಲ್ಲಾಡುತ್ತಿತ್ತು. ಬೆಳ್ಳಿಯ ಮುದ್ರೆ ಎಲ್ಲೂ ಇರಲಿಲ್ಲ, ಉಜ್ಜಿದ ಕಡೆ ಒಳಗಿನ ಹಳದಿ ಲೋಹ ಕಾಣುತ್ತಿತ್ತು.

ಬೆಳ್ಳಿ ವಿಷಯ ಎಲ್ಲರೂ ತಿಳಿದಿರಲಿ. ಈ ದೇಶದಲ್ಲಿ 7.78 ಗ್ರಾಂಗಿಂತ ಹೆಚ್ಚು ತೂಕದ ಬೆಳ್ಳಿ ವಸ್ತುವನ್ನು ಹಾಲ್‌ಮಾರ್ಕ್ ಇಲ್ಲದೆ ಬೆಳ್ಳಿ ಅಂತ ಹೇಳಿ ಮಾರುವ ಹಾಗಿಲ್ಲ, 1973ರ ಹಾಲ್‌ಮಾರ್ಕಿಂಗ್ ಕಾಯಿದೆಯೇ ಇದೆ. 4 ಇಂಚಿನ ಗಟ್ಟಿ ಬೆಳ್ಳಿ ಪಿನ್ ಆ ತೂಕವನ್ನು ಸಾಮಾನ್ಯವಾಗಿ ದಾಟುತ್ತದೆ. ಸ್ಟರ್ಲಿಂಗ್ ಬೆಳ್ಳಿಯಾದರೆ 925 ಅಂತ ಅಂಕೆ ಇರುತ್ತದೆ, ಮಾಡಿಸಿದವರ ಗುರುತು ಇರುತ್ತದೆ, ಎಡಿನ್‌ಬರೋದಲ್ಲಿ ಪರೀಕ್ಷೆ ಆಗಿದ್ದರೆ ಮೂರು ಗೋಪುರದ ಕೋಟೆಯ ಚಿತ್ರ ಇರುತ್ತದೆ. ಈ ಮುದ್ರೆಗಳನ್ನು ವಿವರಿಸುವ ಫಲಕವನ್ನು ಅಂಗಡಿಯಲ್ಲಿ ಹಾಕಿರಬೇಕು, ಕೇಳಿ ನೋಡಿ. 'ಸಿಲ್ವರ್ ಟೋನ್', 'ಸಿಲ್ವರ್ ಫಿನಿಷ್', 'ಆಂಟಿಕ್ ಸಿಲ್ವರ್' ಅಂತ ಬರೆದಿದ್ದರೆ ಅದು ಬಣ್ಣದ ಮಾತು, ಬೆಳ್ಳಿಯ ಮಾತಲ್ಲ. ಹಾಗಂತ ಬೆಳ್ಳಿಯೇ ಬೇಕು ಅಂತಿಲ್ಲ. ಪ್ಯೂಟರ್‌ನಲ್ಲಿ ಒಳ್ಳೆಯ ಪಿನ್‌ಗಳು ಸಿಗುತ್ತವೆ, ಅದು ಹೆಚ್ಚು ಭಾಗ ತವರವೇ, ಬೆಲೆ ಕಡಿಮೆ, ಸ್ಟೀಲ್ ಸೂಜಿ ಇದ್ದರೆ ಬಾಳಿಕೆ ಬರುತ್ತದೆ. ಪ್ಯೂಟರನ್ನು ಪ್ಯೂಟರ್ ಅಂತಲೇ ಹೇಳಿ ಮಾರಲಿ, ನನ್ನ ಜಗಳ ಅಷ್ಟಕ್ಕೇ.

ಲಾಂಛನದ ಬಗ್ಗೆಯೂ ಒಂದು ಮಾತು. ಆ ಪಿನ್ನಿನ ಮೇಲಿದ್ದದ್ದು ಒಂದು ಕ್ಲ್ಯಾನಿನ ಗುರುತು, ಸುತ್ತಲೂ ಬೆಲ್ಟು ಬಕಲ್, ಅದರಲ್ಲಿ ಧ್ಯೇಯವಾಕ್ಯ. "ಯಾರು ಬೇಕಾದರೂ ಹಾಕಬಹುದು" ಅಂತ ಅಂಗಡಿಯವನು ಹೇಳಿದ್ದ. ಮದುವೆಯಲ್ಲಿ ಒಬ್ಬ ಹಿರಿಯರು ಬಂದು, ಬಹಳ ಮರ್ಯಾದೆಯಿಂದಲೇ, ನೀವು ಆ ಮನೆತನದ ಕಡೆಯವರಾ ಅಂತ ಕೇಳಿದರು. ಅವರೇ ಆಮೇಲೆ ವಿವರಿಸಿದರು. ಆ ಲಾಂಛನ ಕ್ಲ್ಯಾನಿನ ಮುಖ್ಯಸ್ಥನ ಸ್ವಂತದ್ದು. ಕ್ಲ್ಯಾನಿಗೆ ಸೇರಿದವರು ಅದನ್ನು ಬೆಲ್ಟು ಬಕಲ್ಲಿನ ಸುತ್ತಿನೊಳಗೆ ಇಟ್ಟು ತೊಟ್ಟರೆ 'ನಾನು ಈ ಮುಖ್ಯಸ್ಥನ ಕಡೆಯವನು' ಅಂತ ಅರ್ಥ. ಇಂಥ ಲಾಂಛನಗಳನ್ನೆಲ್ಲ ನೋಡಿಕೊಳ್ಳಲಿಕ್ಕೆ ಎಡಿನ್‌ಬರೋದಲ್ಲಿ ಲಾರ್ಡ್ ಲಯನ್ ಅವರ ಕೋರ್ಟೇ ಇದೆ. ಪಿನ್ ಹಾಕಿಕೊಂಡಿದ್ದಕ್ಕೆ ಯಾರೂ ಹಿಡಿದುಕೊಂಡು ಹೋಗುವುದಿಲ್ಲ, ಆದರೆ ಇನ್ನೊಬ್ಬರ ಮನೆತನದ ಗುರುತನ್ನು ಸುಮ್ನೆ ಅಲಂಕಾರಕ್ಕೆ ತೊಡುವುದು ನನಗೆ ಸರಿ ಕಾಣುವುದಿಲ್ಲ. ನಮ್ಮಂಥವರಿಗೆ ಥಿಸಲ್ ಹೂವಿದೆ, ಸ್ಕಾಟ್ಲೆಂಡಿನ ರಾಷ್ಟ್ರೀಯ ಗುರುತು, ಮುಳ್ಳುಗಿಡದ ನೇರಳೆ ಹೂ. ಕೆಲ್ಟಿಕ್ ಗಂಟಿನ ವಿನ್ಯಾಸ ಇದೆ, ಸಾರಂಗದ ಕೊಂಬಿದೆ, ಏನೂ ಅಲಂಕಾರವಿಲ್ಲದ ದೊಡ್ಡ ಸೇಫ್ಟಿ ಪಿನ್ನಿನಂಥದ್ದೂ ಇದೆ. ನನ್ನನ್ನು ಕೇಳಿದರೆ ಥಿಸಲ್ಲೇ ಚಂದ.

ಟಾರ್ಟನ್ ಸ್ಕರ್ಟ್ ತೊಡುವ ಹೆಂಗಸರು ಕತ್ತಿ ಪಿನ್ನಿನ ಹತ್ತಿರವೂ ಹೋಗಬೇಡಿ. ನಮ್ಮ ಸ್ಕರ್ಟಿನ ಬಟ್ಟೆ ಗಂಡಸರ ಕಿಲ್ಟಿಗಿಂತ ತೆಳು. ಭಾರದ ಪಿನ್ ಹಾಕಿದರೆ ಮೂಲೆ ಜೋತುಬಿದ್ದು ಚೌಕಗಳೆಲ್ಲ ಸೊಟ್ಟಗಾಗುತ್ತವೆ, ಸಂಜೆಯೊಳಗೆ ತೂತು ದೊಡ್ಡದಾಗುತ್ತದೆ. ಹಗುರವಾದ ಸಣ್ಣ ಬ್ರೋಚ್ ಸಾಕು. ಎಡಿನ್‌ಬರೋದ ಹಳೆಯ ಲಕನ್‌ಬೂತ್ ಬ್ರೋಚ್ ಸಿಕ್ಕರೆ ನೋಡಿ, ಹೃದಯದ ಆಕಾರ, ಮೇಲೆ ಕಿರೀಟ. ಹಿಂದೆ ಮದುವೆ ನಿಶ್ಚಯವಾದ ಹುಡುಗಿಗೆ ಕೊಡುತ್ತಿದ್ದರಂತೆ, ದೃಷ್ಟಿ ತಾಗದಿರಲಿ ಅಂತ ಮಗುವಿನ ಶಾಲಿಗೂ ಸಿಕ್ಕಿಸುತ್ತಿದ್ದರಂತೆ.

ಪಿನ್ ಹಾಕುವ ಜಾಗ ಹೊರಗಿನ ಪದರದ ಕೆಳಮೂಲೆ, ಕುಚ್ಚಿನ ಅಂಚಿನಿಂದ ಸುಮಾರು 2 ಇಂಚು ಒಳಗೆ, ಕೆಳ ಅಂಚಿನಿಂದ ಸುಮಾರು 4 ಇಂಚು ಮೇಲೆ. ಗಂಡಸರ ಕಿಲ್ಟಿನಲ್ಲಿ ತೊಟ್ಟವರ ಬಲಗಡೆ. ಚುಚ್ಚುವಾಗ ಒಂದು ಕೈಯನ್ನು ಎರಡು ಪದರಗಳ ನಡುವೆ ಇಡಿ, ಆಗ ಸೂಜಿ ಒಳಗಿನದಕ್ಕೆ ತಾಗುವುದಿಲ್ಲ. ರಾತ್ರಿ ಕಿಲ್ಟ್ ತೆಗೆದ ಮೇಲೆ ಪಿನ್ನನ್ನೂ ತೆಗೆದಿಡಿ, ಡ್ರೈಕ್ಲೀನಿಂಗಿಗೆ ಪಿನ್ ಸಮೇತ ಕೊಡಬೇಡಿ.

ಅಂಗಡಿಗೆ ವಾಪಸ್ ಹೋದಾಗ ಮೊದಲು ದುಡ್ಡು ಕೊಡುವುದಿಲ್ಲ ಅಂದರು, ಗೋಡೆಯ ಮೇಲೆ 'ನೋ ರಿಫಂಡ್' ಅಂತ ಬೋರ್ಡ್ ತೋರಿಸಿದರು. ಆ ಬೋರ್ಡಿಗೆ ಹೆದರಬೇಡಿ. 2015ರ ಗ್ರಾಹಕ ಹಕ್ಕುಗಳ ಕಾಯಿದೆ ಪ್ರಕಾರ ವಸ್ತು ಹೇಳಿದ ಹಾಗೆ ಇಲ್ಲದಿದ್ದರೆ 30 ದಿನದೊಳಗೆ ವಾಪಸ್ ಕೊಟ್ಟು ಪೂರ್ತಿ ಹಣ ಕೇಳಬಹುದು. ಬಿಲ್ಲಿನಲ್ಲಿ ಬೆಳ್ಳಿ ಅಂತ ಬರೆದಿದ್ದನ್ನು ಮುಂದೆ ಇಟ್ಟಾಗ ಪಿನ್ನಿನ ದುಡ್ಡು ಕೊಟ್ಟರು. ಸೀಳಿದ ಕಿಲ್ಟಿನ ಬಗ್ಗೆ ಮಾತೇ ಆಡಲಿಲ್ಲ, ಅದಕ್ಕೆ ಬೇರೆ ದೂರು ಬರೆಯುತ್ತಿದ್ದೇವೆ. ಫೋಟೋ, ಬಿಲ್ಲು, ಹೊಲಿದವರ ಪತ್ರ ಎಲ್ಲ ಒಟ್ಟು ಮಾಡಿದ್ದೇವೆ.

ಹೊಲಿದವರ ಹತ್ತಿರ ತೋರಿಸಿದೆವು. ತೇಪೆ ಹಾಕಿದರೆ ಟಾರ್ಟನ್ ಗೆರೆ ಕೂಡಿಸಿದರೂ ಮುಂದಿನ ಪದರದಲ್ಲಿ ಎದ್ದು ಕಾಣುತ್ತದೆ, ಎಳೆ ಎಳೆಯಾಗಿ ರಫು ಮಾಡಿಸುವುದೇ ದಾರಿ ಅಂದರು. ಎಡಿನ್‌ಬರೋ ಅಥವಾ ಗ್ಲಾಸ್ಗೋ ಕಡೆ ದಪ್ಪ ಉಣ್ಣೆ ಬಟ್ಟೆಗೆ ಒಳ್ಳೆಯ ರಫು ಕೆಲಸ ಮಾಡುವವರು ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.