ಸೂಜಿದಿಂಬಾಗಿದ್ದ ಬೆಳ್ಳಿ ಆನೆ ಬರೆಯುವ ಮೇಜಿನ ಮೇಲೆ

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಬೆಳ್ಳಿ ತಯಾರಕರು ಹಂದಿ, ಕೋಳಿಮರಿ, ಆನೆ ಮೊದಲಾದ ಪ್ರಾಣಿಗಳ ಆಕಾರದಲ್ಲಿ ಗುಂಡುಸೂಜಿ ಚುಚ್ಚಿಡುವ ಪುಟ್ಟ ದಿಂಬುಗಳನ್ನು ಹೇರಳವಾಗಿ ತಯಾರಿಸುತ್ತಿದ್ದರು. ಏಡೀ ಅಂಡ್ ಲವ್‌ಕಿನ್ ಸಂಸ್ಥೆ ಇಂತಹ ಕೆಲಸಕ್ಕೆ ಹೆಸರಾಗಿತ್ತು. ಪ್ರಾಣಿಯ ಬೆನ್ನಿನ ಮೇಲೆ ಮಖಮಲ್ಲಿನ ಮೆತ್ತೆ, ಅದರ ಸುತ್ತ ಬೆಳ್ಳಿಯ ಅಂಚು, ಒಳಗೆ ಮರದ ಹೊಟ್ಟು ಅಥವಾ ಅಂತಹದೇ ತುಂಬಣಿ ಇರುವುದು ಇವುಗಳ ಸಾಮಾನ್ಯ ರಚನೆ. ನಾನು ಇಲ್ಲಿ ವಿಮರ್ಶಿಸುತ್ತಿರುವುದು ಇಂತಹದೊಂದು ಆನೆಯನ್ನು. ಹೊಲಿಗೆಪೆಟ್ಟಿಗೆಯ ಕೆಲಸದಿಂದ ನಿವೃತ್ತಿಗೊಂಡು, ಮಾರಾಟಗಾರರ ಕೈಯಲ್ಲಿ ಸಣ್ಣ ಮಾರ್ಪಾಟು ಕಂಡು, ಅದು ಈಗ ಮೇಜಿನ ಅಲಂಕಾರವಾಗಿ ನನ್ನ ಬಳಿ ಇದೆ.

ವಸ್ತುವಿನ ಅಂದಕ್ಕಿಂತ ಮೊದಲು ಅದರ ಮುದ್ರೆಗಳನ್ನು ನೋಡುವುದು ಒಳ್ಳೆಯದು. ಬೆಳ್ಳಿಯ ಶುದ್ಧತೆಯನ್ನು ಪರೀಕ್ಷಿಸಿ ಮುದ್ರೆ ಒತ್ತುವ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಕಚೇರಿ 1773ರಲ್ಲಿ ಆರಂಭವಾಯಿತು. ಅದರ ಗುರುತು ಹಡಗಿನ ಲಂಗರು. ಈ ಆನೆಯ ಹೊಟ್ಟೆಯ ಅಂಚಿನಲ್ಲಿ ಲಂಗರು, ಸ್ಟರ್ಲಿಂಗ್ ಬೆಳ್ಳಿಯನ್ನು ಸೂಚಿಸುವ ನಡೆಯುತ್ತಿರುವ ಸಿಂಹ, ಮತ್ತು 1905–06ನೆಯ ಸಾಲಿಗೆ ಸಲ್ಲುವ ಸಣ್ಣಕ್ಷರದ 'ಎಫ್' ಭೂತಗನ್ನಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ತಯಾರಕರ ಮುದ್ರೆ ಮಾತ್ರ ಉಜ್ಜಿ ಉಜ್ಜಿ ಸವೆದುಹೋಗಿದೆ. ಸ್ಟರ್ಲಿಂಗ್ ಎಂದರೆ ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ. ಉಳಿದದ್ದು ಗಟ್ಟಿತನಕ್ಕಾಗಿ ಬೆರೆಸಿದ, ಹೆಚ್ಚಾಗಿ ತಾಮ್ರವೇ ಆದ ಲೋಹ. ಇಂತಹ ಪ್ರಾಣಿಗಳ ಹೊಸ ಪ್ರತಿಗಳೂ ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. 1999ರ ನಂತರ ಬ್ರಿಟನ್ನಿನಲ್ಲಿ ಸಿಂಹ ಮತ್ತು ವರ್ಷದ ಅಕ್ಷರ ಐಚ್ಛಿಕವಾಗಿ, ಶುದ್ಧತೆಯನ್ನು ಅಂಕಿಯಲ್ಲಿ ತೋರಿಸುವುದು ಕಡ್ಡಾಯವಾದುದರಿಂದ, 'ಎಡ್ವರ್ಡ್ ದೊರೆಯ ಕಾಲದ್ದು' (1901–10) ಎಂದು ಹೇಳಿ ಮಾರುವ ಆನೆಯ ಮೇಲೆ 925 ಎಂಬ ಅಂಕಿ ಕಂಡರೆ ಅನುಮಾನಿಸಲು ಸಾಕಷ್ಟು ಕಾರಣವಿದೆ.

ಮಾರ್ಪಾಟಿನ ವಿಷಯದಲ್ಲಿ ಮಾರಾಟಗಾರರು ಸಂಯಮ ತೋರಿಸಿದ್ದಾರೆ, ನನಗೆ ಬಹಳ ಹಿಡಿಸಿದ್ದು ಇದೇ. ಬಣ್ಣಗೆಟ್ಟ ಮೆತ್ತೆಯನ್ನು ಮೇಲೆತ್ತಿ, ಆ ಗುಳಿಯಲ್ಲಿ ತೆಳುವಾದ ಮರದ ಬಟ್ಟಲೊಂದನ್ನು ಅಂಟು ಹಾಕದೆ ಕೂರಿಸಿದ್ದಾರೆ. ಕಾಗದದ ಕ್ಲಿಪ್ಪುಗಳು ಅದರಲ್ಲಿ ನಿಲ್ಲುತ್ತವೆ. ಬೆಳ್ಳಿಗೆ ತೂತು ಕೊರೆದಿಲ್ಲ, ಹೊಸ ಬೆಸುಗೆ ಇಲ್ಲ, ಬೇಡವೆನಿಸಿದ ದಿನ ಬಟ್ಟಲನ್ನು ತೆಗೆದು ಮೆತ್ತೆಯನ್ನು ಮತ್ತೆ ಕೂರಿಸಬಹುದು. ಪೆನ್ನು ನಿಲ್ಲಿಸಲೆಂದು ಬೆನ್ನಿಗೆ ಕೊಳವೆ ಬೆಸೆದ, ದೀಪದ ತಂತಿ ಹಾಯಿಸಲೆಂದು ಹೊಟ್ಟೆ ಕೊರೆದ ಹಳೆಯ ಪ್ರಾಣಿಗಳನ್ನು ಕಂಡವರಿಗೆ ಈ ಸಂಯಮದ ಬೆಲೆ ತಿಳಿಯುತ್ತದೆ: ಅಂತಹ ವಸ್ತು ಸಂಗ್ರಾಹಕರ ಲೆಕ್ಕದಿಂದ ಬಹುತೇಕ ಹೊರಗೇ ಉಳಿಯುತ್ತದೆ, ಮೇಜಿನ ಮೇಲೂ ಅದು ಅರ್ಧ ಆನೆ, ಅರ್ಧ ಉಪಕರಣದಂತೆ ಕಾಣುತ್ತದೆ.

ಆದರೆ ಪಾದಗಳ ಅಡಿಗೆ ಉಣ್ಣೆಯ ಫೆಲ್ಟ್ ಅಂಟಿಸಿರುವುದು ಸರಿಯಾದ ಆಯ್ಕೆಯಲ್ಲ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳು ಅದರ ಮೇಲೆ ಸಿಲ್ವರ್ ಸಲ್ಫೈಡಿನ ಪದರ ಕಟ್ಟುವುದರಿಂದ. ಉಣ್ಣೆಯಲ್ಲಿ ಗಂಧಕವಿದೆ, ರಬ್ಬರ್ ಬ್ಯಾಂಡಿನಲ್ಲಿರುವ ಗಂಧಕದಿಂದ ಇನ್ನೂ ಕಿರಿಕಿರಿ. ಬರೆಯುವ ಮೇಜು ಎಂದರೆ ರಬ್ಬರ್ ಬ್ಯಾಂಡುಗಳ ತವರುಮನೆ, ಆದ್ದರಿಂದ ಮೇಜಿಗೆ ಬಂದ ಬೆಳ್ಳಿ ಗಾಜಿನ ಕಪಾಟಿನಲ್ಲಿರುವುದಕ್ಕಿಂತ ಬೇಗ ಮಂಕಾಗುತ್ತದೆ. ಬಟ್ಟಲಿನಲ್ಲಿ ಕ್ಲಿಪ್ಪುಗಳನ್ನು ಮಾತ್ರ ಇಡಬೇಕು. ಫೆಲ್ಟಿನ ಬದಲು ಹತ್ತಿಬಟ್ಟೆಯ ತುಂಡೊಂದನ್ನು ಅಡಿಗೆ ಹಾಸಿದ್ದರೆ ಸಾಕಾಗುತ್ತಿತ್ತು.

ಇದನ್ನು ಕಾಗದದ ಮೇಲಿಡುವ ತೂಕವೆಂದು ಕೊಳ್ಳುವವರಿಗೆ ನಿರಾಸೆ ಖಚಿತ. ತೆಳು ತಗಡನ್ನು ಅಚ್ಚಿನಲ್ಲಿ ಎರಡು ಹೋಳುಗಳಾಗಿ ಒತ್ತಿ, ನಡುವೆ ಬೆಸೆದು ಮಾಡಿದ ಟೊಳ್ಳು ದೇಹ ಇದು; ಫ್ಯಾನಿನ ಗಾಳಿಗೆ ಹಾರುವ ಹಾಳೆಗಳನ್ನು ತಡೆಯುವ ತೂಕ ಇದಕ್ಕಿಲ್ಲ. ಕೈಜಾರಿ ಬಿದ್ದರೆ ಮೊದಲು ತಗ್ಗುವುದು ಸೊಂಡಿಲು, ಮತ್ತು ಟೊಳ್ಳಿನೊಳಕ್ಕೆ ಉಪಕರಣ ಹೋಗದ ಕಡೆ ಬಿದ್ದ ತಗ್ಗನ್ನು ಎತ್ತುವುದು ಪರಿಣತರಿಗೂ ಕಷ್ಟ. ಅದೇ ಕಾಲದ ಅಚ್ಚಿನ ಕೆಲಸದಲ್ಲಿ ಕಿವಿಯ ಮಡಿಕೆ, ಮೊಣಕಾಲಿನ ಸುಕ್ಕು, ಕಣ್ಣಿನ ಸುತ್ತಲಿನ ಗೆರೆ ಇಷ್ಟು ಚೊಕ್ಕಟವಾಗಿ ಮೂಡಿರುವುದನ್ನು ನೋಡಿದಾಗ, ತೂಕದ ಕೊರತೆಯನ್ನು ನಾನಂತೂ ಸುಲಭವಾಗಿ ಮನ್ನಿಸುತ್ತೇನೆ. ಆ ಗೆರೆಗಳಲ್ಲಿ ಕಪ್ಪು ಉಳಿದಿರುವುದರಿಂದಲೇ ಮುಖಕ್ಕೆ ಕಳೆ ಬಂದಿದೆ. ಅಲ್ಯೂಮಿನಿಯಂ ಹಾಳೆ ಮತ್ತು ಅಡುಗೆಸೋಡಾದ ಬಿಸಿನೀರಿನಲ್ಲಿ ಅದ್ದುವ ಜನಪ್ರಿಯ ವಿಧಾನ ಆ ಕಪ್ಪನ್ನೂ ಕಳೆದುಬಿಡುತ್ತದೆ, ಜೊತೆಗೆ ಟೊಳ್ಳಿನೊಳಗೆ ನೀರು ಸೇರಿ ಹಳೆಯ ತುಂಬಣಿ ಉಳಿದಿದ್ದರೆ ಅದನ್ನು ಕೆಡಿಸುತ್ತದೆ. ಮೆತ್ತನೆಯ ಒಣಬಟ್ಟೆಯಲ್ಲಿ ಉಬ್ಬಿದ ಭಾಗಗಳನ್ನಷ್ಟೇ, ಅದೂ ಅಪರೂಪಕ್ಕೆ, ಒರೆಸುವುದು ಮೇಲು. ಪ್ರತಿ ಪಾಲಿಶ್ ಕೂಡ ಒಂದಿಷ್ಟು ಬೆಳ್ಳಿಯನ್ನು ಕಳೆಯುತ್ತದೆ, ತಯಾರಕರ ಮುದ್ರೆ ಮಾಯವಾದದ್ದು ಹಾಗೆಯೇ.

ಬರೀ ನೋಟಕ್ಕೆಂದು ಕೊಳ್ಳುವವರಿಗೆ ಬೆಳ್ಳಿಲೇಪದ ಆನೆಯೂ ಸಾಕು; ಮೇಜಿನ ದೂರದಿಂದ ವ್ಯತ್ಯಾಸ ಕಾಣುವುದಿಲ್ಲ, ಉಬ್ಬಿದ ಕಡೆ ಲೇಪ ಸವೆದು ಅಡಿಯ ಲೋಹ ಇಣುಕುವವರೆಗೆ. ಮುದ್ರೆಗಳಿರುವ ಹಳೆಯದನ್ನೇ ಬಯಸುವವರು, ಮಾರ್ಪಾಟಾದ ವಸ್ತುವಿನ ಜೊತೆ ತೆಗೆದಿಟ್ಟ ಮೂಲ ಮೆತ್ತೆಯನ್ನೂ ಕೇಳಿ ಪಡೆಯಬೇಕು. ನನಗೆ ಅದು ಕಾಗದದಲ್ಲಿ ಸುತ್ತಿ ಸಿಕ್ಕಿತು, ಒಳಗೆ ತುಕ್ಕು ಹಿಡಿದ ಸೂಜಿಯೊಂದರ ಮುರುಕು ಸಹಿತ.